ಪೆಟ್ಟಿನ ಬೆನ್ನಿಗೆ ಬಿಡುವು

ಕುಂಬಾರಿಕೆಗೆ ಹೆಸರಾದ ಖಾನಾಪುರಕ್ಕೂ ಈಗ ವಿದ್ಯುತ್ ತಿಗರಿ ಬಂದಿದೆ. ಹಳೆಯ ತಿಗರಿಯ ನಡೆಯೇ ಬೇರೆ. ಕೋಲು ಕೊಟ್ಟು ಭರಭರನೆ ತಿರುವಿ, ಕೋಲನ್ನು ಪಕ್ಕಕ್ಕಿಟ್ಟ ಮೇಲೆಯೇ ಕುಂಬಾರ ಮಣ್ಣಿಗೆ ಕೈ ಹಚ್ಚುವುದು. ಗಡಿಗೆ ಏಳುವುದೆಲ್ಲ ಆ ಬಿಡುವಿನಲ್ಲಿ. ತಿಗರಿ ಸೋಲುವಷ್ಟರಲ್ಲಿ ಕಂಠ ಮುಗಿದಿರಬೇಕು.

ಸಂಗೀತದಲ್ಲಿ ಲಯವೆಂದರೆ ವೇಗ ಎಂದುಕೊಂಡವರು ಈ ಬಿಡುವನ್ನು ನೋಡಬೇಕು. 13ನೆಯ ಶತಮಾನದಲ್ಲಿ ದೇವಗಿರಿಯ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಲಯವನ್ನು ಕ್ರಿಯೆಯ ಬೆನ್ನಿಗೆ ಬರುವ ವಿಶ್ರಾಂತಿ ಎಂದೇ ವಿವರಿಸುತ್ತಾನೆ. ವಿಶ್ರಾಂತಿ ಗಿಡ್ಡದಾದರೆ ದ್ರುತ, ಅದರ ಇಮ್ಮಡಿ ಮಧ್ಯ, ಅದರಿಮ್ಮಡಿ ವಿಲಂಬಿತ. ಚಪ್ಪಾಳೆಯನ್ನಲ್ಲ, ಎರಡು ಚಪ್ಪಾಳೆಗಳ ನಡುವನ್ನು ಅಳೆದ ಲೆಕ್ಕ ಇದು.

ಪದದ ಬೇರು ‘ಲೀ’: ಅಂಟಿಕೊಳ್ಳು, ಕರಗು. ತಮಾಷೆಯೆಂದರೆ, ಅದ್ವೈತಿ ಗೌಡಪಾದರ ಮಾಂಡೂಕ್ಯಕಾರಿಕೆಯಲ್ಲಿ ಲಯ ಒಂದು ವಿಘ್ನ. ಧ್ಯಾನಕ್ಕೆ ಕೂತ ಮನಸ್ಸು ನಿದ್ದೆಗೆ ಜಾರುವುದಕ್ಕೆ ಅಲ್ಲಿ ಆ ಹೆಸರು. ಹಾಡುವವರ ಲಯ ಕರಗಿದರೂ ಎಚ್ಚರ ತಪ್ಪದ್ದು.

ಆ ಎಚ್ಚರ ತಿಹಾಯಿಯಲ್ಲಿ, ಅಂದರೆ ಒಂದೇ ತುಣುಕನ್ನು ಮೂರು ಸಲ ನುಡಿಸಿ ಮುಗಿಸುವಲ್ಲಿ, ಕಾಣುತ್ತದೆ. ತೀನ್‌ತಾಲಕ್ಕೆ 16 ಮಾತ್ರೆ. 9ನೆಯದು ಖಾಲಿ, ತಬಲಾದವರು ಅಲ್ಲಿಂದ ‘ತಿಟಕತ ಗದಿಗನ ಧಾ’ ಎತ್ತಿಕೊಳ್ಳುತ್ತಾರೆ. ಬೋಲಿಗೆ 2 ಮಾತ್ರೆ, ‘ಧಾ’ಕ್ಕೆ 1. ಮೊದಲ ‘ಧಾ’ 11ಕ್ಕೆ, ಎರಡನೆಯದು 14ಕ್ಕೆ. ಮೂರನೆಯದು 16 ದಾಟಿ ನೇರ ಸಮ್ ಮೇಲೆ, ಅಂದರೆ ಮುಂದಿನ ಸುತ್ತಿನ ಮೊದಲ ಮಾತ್ರೆಗೆ. ಬೆಳಗಾವಿಯ ಬೈಠಕ್‌ಗಳಲ್ಲಿ ಲೆಕ್ಕ ಬಾರದವರ ತಲೆಯೂ ಅಲ್ಲಿ ತೂಗುತ್ತದೆ. ಪಾಶ್ಚಾತ್ಯರು ಇಂಥ ಮುಗಿತಾಯವನ್ನು ‘ಕೇಡೆನ್ಸ್’ ಎನ್ನುತ್ತಾರೆ; ಲ್ಯಾಟಿನ್ ಮೂಲದಲ್ಲಿ ಅದು ‘ಬೀಳು’. ನಮ್ಮವರು ‘ಸಮ್‌ಗೆ ಬಂದರು’ ಎನ್ನುತ್ತಾರೆ, ಮನೆಗೆ ಬಂದ ಹಾಗೆ. ಭರತನಾಟ್ಯದಲ್ಲಿ ಜತಿ ಮುಗಿಸುವ ಹೆಜ್ಜೆಗಳಿಗೆ ತೀರ್ಮಾನ ಎಂದೇ ಹೆಸರು. ನನಗಂತೂ ಈ ಮಾತೇ ಹೆಚ್ಚು ಇಷ್ಟ: ಕಾಲು ಎಲ್ಲಿ ನಿಲ್ಲಬೇಕೆಂದು ಮೈ ತೀರ್ಮಾನಿಸುತ್ತದೆ.

ಬಿಡುವನ್ನೇ ಹಾಡಾಗಿಸಿದ ಗಾಯಕ ಕುಮಾರ ಗಂಧರ್ವರ ಹೆಸರು ಬೆಳಗಾವಿಯ ರಂಗಮಂದಿರಕ್ಕಿದೆ. 1924ರಲ್ಲಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದವರು. ಕ್ಷಯ ತಗುಲಿ ವರ್ಷಗಟ್ಟಲೆ ಹಾಡದೆ ಇದ್ದು, ಆಮೇಲೆ ಒಂದೇ ಶ್ವಾಸಕೋಶದ ಬಲದಲ್ಲಿ ಹಾಡಿದರು. ಚಿಕ್ಕ ಚಿಕ್ಕ ತುಣುಕು, ನಡುವೆ ಮೌನ. ಅದು ಬರೀ ಉಸಿರಿನ ಕೊರತೆ ಎಂದರೆ ನಾನು ಒಪ್ಪುವುದಿಲ್ಲ. ಧ್ವನಿಮುದ್ರಿಕೆ ಹಾಕಿ ಕೇಳಿ. ಅವರು ನಿಲ್ಲಿಸಿದಾಗ ತಬಲಾ ನಡೆದೇ ಇರುತ್ತದೆ, ತಂಬೂರಿ ಆ ಜಾಗ ತುಂಬುತ್ತದೆ. ಮಾತ್ರೆ ಎಣಿಸುತ್ತಿದ್ದ ನಮ್ಮ ಬೆರಳು ಎಣಿಕೆ ಬಿಟ್ಟು ಸಮ್ ಕಾಯುತ್ತಿರುತ್ತದೆ.