ಎಲ್ಲ ಥ್ರೆಡ್‌ಗಳಿಗೂ ಒಂದೇ ‘ಈಗ’ ಉಂಟೇ?

ಸರ್ವರ್‌ನಲ್ಲಿ ಓಡುತ್ತಿದ್ದ ಪ್ರೋಗ್ರಾಮ್ ಇದ್ದಕ್ಕಿದ್ದಂತೆ ಸ್ತಬ್ಧವಾಗಿದೆ. ಸತ್ತಿಲ್ಲ, ಆದರೆ ಕೇಳಿದ್ದಕ್ಕೆ ಉತ್ತರವನ್ನೂ ಕೊಡುತ್ತಿಲ್ಲ. ಎಂಜಿನಿಯರ್ ಟರ್ಮಿನಲ್ ತೆರೆದು, ಅದರ ಪ್ರೊಸೆಸ್ ಸಂಖ್ಯೆ ಕೊಟ್ಟು, ಜಿಡಿಬಿ ಎಂಬ ಡಿಬಗರ್ ಅನ್ನು ಅದಕ್ಕೆ ಜೋಡಿಸುತ್ತಾರೆ. ‘ಇನ್ಫೋ ಥ್ರೆಡ್ಸ್’ ಎಂದು ಟೈಪ್ ಮಾಡಿದ ಕೂಡಲೇ ಪರದೆಯ ಮೇಲೆ ಪಟ್ಟಿಯೊಂದು ಇಳಿಯುತ್ತದೆ. ಸಾಲಿಗೊಂದು ಥ್ರೆಡ್ (ಪ್ರೋಗ್ರಾಮ್‌ನೊಳಗೆ ತನ್ನದೇ ಕ್ರಮದಲ್ಲಿ ಓಡುವ ಕೆಲಸದ ಎಳೆ), ಅದು ಯಾವ ಫಂಕ್ಷನ್‌ನೊಳಗೆ ನಿಂತಿದೆ ಎಂಬ ವಿವರ, ಸದ್ಯ ಆಯ್ಕೆಯಲ್ಲಿರುವ ಥ್ರೆಡ್‌ನ ಮುಂದೆ ಒಂದು ನಕ್ಷತ್ರಚಿಹ್ನೆ. ‘ಥ್ರೆಡ್ ಅಪ್ಲೈ ಆಲ್ ಬಿಟಿ’ ಎಂದರೆ ಪ್ರತಿಯೊಂದು ಥ್ರೆಡ್ ಯಾವ ಯಾವ ಫಂಕ್ಷನ್ ಹಾದು ಇಲ್ಲಿಗೆ ಮುಟ್ಟಿತು ಎಂಬುದೂ ಬಿಚ್ಚಿಕೊಳ್ಳುತ್ತದೆ. ಇಡೀ ಪ್ರೋಗ್ರಾಮ್ ಈಗ ಎಲ್ಲಿದೆ ಎಂಬುದರ ಚಿತ್ರ ಸಿಕ್ಕಿತು ಎಂದು ನೋಡುವವರಿಗೆ ಅನಿಸುವುದು ಸಹಜ.

ಆ ‘ಈಗ’ ಪ್ರೋಗ್ರಾಮ್‌ನಲ್ಲಿ ಮೊದಲೇ ಇತ್ತೇ? ಅಥವಾ ಡಿಬಗರ್ ಬಂದು ಅದನ್ನು ಹುಟ್ಟಿಸಿತೇ?

ಪ್ರಶ್ನೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಕಣಾದರ ವೈಶೇಷಿಕ ಸೂತ್ರಗಳು ಕಾಲವನ್ನು ಒಂದು ದ್ರವ್ಯವೆಂದೇ ಎಣಿಸುತ್ತವೆ. ಇದು ಹಿಂದಿನದು, ಇದು ಮುಂದಿನದು, ಇವೆರಡೂ ಒಟ್ಟಿಗೇ ಆದವು, ಇದು ತಡವಾಯಿತು, ಇದು ಬೇಗ ಆಯಿತು ಎಂದು ನಮಗೆ ಹೊಳೆಯುವುದೇ ಕಾಲ ಇದೆ ಎಂಬುದಕ್ಕೆ ಗುರುತು ಎಂಬುದು ಆ ದರ್ಶನದ ವಾದ. ಕಾಲ ಒಂದೇ, ಎಲ್ಲೆಡೆ ವ್ಯಾಪಿಸಿರುವಂಥದ್ದು. ಹಾಗಾಗಿ ಎರಡು ಘಟನೆಗಳು ‘ಒಟ್ಟಿಗೇ’ ಆದವೆಂಬ ಮಾತಿಗೆ ಎಲ್ಲರೂ ಒಪ್ಪುವ ಅರ್ಥ ಇದ್ದೇ ಇರುತ್ತದೆ.

ನ್ಯಾಯದರ್ಶನ ಈ ಒಟ್ಟಿಗೇ ಎಂಬುದರ ಬಗ್ಗೆ ಇನ್ನಷ್ಟು ಎಚ್ಚರ ವಹಿಸುತ್ತದೆ. ನ್ಯಾಯಸೂತ್ರಕಾರ ಗೌತಮರ ಪ್ರಕಾರ ಎರಡು ಜ್ಞಾನಗಳು ಏಕಕಾಲಕ್ಕೆ ಹುಟ್ಟುವುದಿಲ್ಲ, ಮನಸ್ಸು ಎಂಬುದೊಂದು ಇದೆ ಎಂಬುದಕ್ಕೆ ಅದೇ ಕುರುಹು. ಮನಸ್ಸು ಅಣುವಿನಷ್ಟು ಸೂಕ್ಷ್ಮವಾದ್ದರಿಂದ ಒಮ್ಮೆಗೆ ಒಂದೇ ಇಂದ್ರಿಯದ ಜೊತೆ ಸೇರಬಲ್ಲದು. ಹಾಗಾದರೆ ನೋಟ, ವಾಸನೆ, ರುಚಿ ಎಲ್ಲವೂ ಒಟ್ಟಿಗೇ ಬಂದಂತೆ ಕಾಣುವುದು ಹೇಗೆ? ಉರಿಯುವ ಕೊಳ್ಳಿಯನ್ನು ಜೋರಾಗಿ ತಿರುಗಿಸಿದರೆ ಬೆಂಕಿಯ ಬಳೆ ಕಾಣುತ್ತದೆ. ಅಲ್ಲಿರುವುದು ಬಳೆಯಲ್ಲ, ವೇಗ ಮಾತ್ರ. ನ್ಯಾಯಸೂತ್ರ ಈ ಉದಾಹರಣೆಯನ್ನೇ ಕೊಡುತ್ತದೆ. ಒಂದೇ ಕೋರ್ ಇರುವ ಕಂಪ್ಯೂಟರಿನಲ್ಲಿ ಹತ್ತಾರು ಥ್ರೆಡ್‌ಗಳು ‘ಒಟ್ಟಿಗೇ’ ಓಡುವುದೂ ಹೀಗೆಯೇ. ಷೆಡ್ಯೂಲರ್ ಒಂದಕ್ಕೆ ಕೆಲವು ಮಿಲಿಸೆಕೆಂಡು ಕೊಟ್ಟು, ಅದನ್ನು ಪಕ್ಕಕ್ಕಿರಿಸಿ, ಇನ್ನೊಂದನ್ನು ಕೂರಿಸುತ್ತದೆ. ಅಲ್ಲಿ ನಿಜವಾದ ಯೌಗಪದ್ಯ (ಏಕಕಾಲಿಕತೆ) ಇಲ್ಲ, ಶೀಘ್ರ ಸಂಚಾರ ಮಾತ್ರ ಇದೆ. ಒಂದು ಅಣುರೂಪದ ಮನಸ್ಸನ್ನು ಒಪ್ಪಿದ ನೈಯಾಯಿಕನಿಗೆ ಆ ಯಂತ್ರ ಅರ್ಥವಾಗುತ್ತಿತ್ತು.

ಇಂದಿನ ಯಂತ್ರ ಹಾಗಿಲ್ಲ. ಕೋರ್‌ಗಳು ಹಲವು, ಪ್ರತಿಯೊಂದರ ಕೈಯಲ್ಲೂ ಬರೆದದ್ದನ್ನು ತುಸು ಹೊತ್ತು ಇಟ್ಟುಕೊಳ್ಳುವ ಬಫರ್. ಎರಡು ಕೋಷ್ಠಗಳಿವೆ ಎನ್ನೋಣ, ‘ಅ’ ಮತ್ತು ‘ಬ’. ಎರಡರಲ್ಲೂ ಸೊನ್ನೆ. ಮೊದಲ ಥ್ರೆಡ್ ‘ಅ’ದಲ್ಲಿ 1 ಬರೆದು ‘ಬ’ವನ್ನು ಓದುತ್ತದೆ. ಎರಡನೆಯದು ‘ಬ’ದಲ್ಲಿ 1 ಬರೆದು ‘ಅ’ವನ್ನು ಓದುತ್ತದೆ. ಯಾರು ಮೊದಲು ಬರೆದರೂ ಇಬ್ಬರಲ್ಲಿ ಒಬ್ಬರಿಗಾದರೂ 1 ಕಾಣಲೇಬೇಕು ಎನ್ನುತ್ತದೆ ಸಾಮಾನ್ಯ ತರ್ಕ. ಆದರೆ ನಮ್ಮ ಮೇಜಿನ ಮೇಲಿರುವ ಎಕ್ಸ್86 ಪ್ರೊಸೆಸರ್‌ಗಳಲ್ಲಿ ಎರಡಕ್ಕೂ ಸೊನ್ನೆಯೇ ಸಿಗುವುದು ಸಾಧ್ಯ. ತನ್ನ ಬರವಣಿಗೆ ಆಯಿತೆಂದೇ ಪ್ರತಿಯೊಂದು ಥ್ರೆಡ್‌ನ ಲೆಕ್ಕ. ಇನ್ನೊಂದರ ಲೆಕ್ಕದಲ್ಲಿ ಅದು ಇನ್ನೂ ಆಗಿಲ್ಲ. ಯಾವುದು ಮೊದಲು ಎಂಬುದರಲ್ಲಿ ಅವೆರಡರ ನಡುವೆ ಒಮ್ಮತವೇ ಇಲ್ಲ, ಮತ್ತು ಯಾವುದೂ ಸುಳ್ಳು ಹೇಳುತ್ತಿಲ್ಲ.

‘ಕಾಲ ಒಂದೇ’ ಎಂಬ ವೈಶೇಷಿಕರ ಮಾತಿಗೆ ಇದು ಗಂಭೀರವಾದ ಸವಾಲು. ಯಂತ್ರದ ಹೊರಗೆ ಭೌತಶಾಸ್ತ್ರದ ಕಾಲ ಇದ್ದರೂ ಇರಲಿ. ಥ್ರೆಡ್‌ಗಳಿಗೆ ತಮ್ಮ ನಡುವಿನ ಹಿಂದುಮುಂದನ್ನು ಅದು ತೀರ್ಮಾನಿಸಿಕೊಡುವುದಿಲ್ಲ.

ಇಂಥ ಲೋಕಕ್ಕೆ ಜಿಡಿಬಿ ಕಾಲಿಡುತ್ತದೆ. ಒಂದು ಥ್ರೆಡ್ ಬ್ರೇಕ್‌ಪಾಯಿಂಟ್ (ನಿಲ್ಲಬೇಕೆಂದು ಗುರುತು ಮಾಡಿದ ಜಾಗ) ಮುಟ್ಟಿದರೆ, ಬೇರೆ ಸೂಚನೆ ಇಲ್ಲದಿದ್ದಲ್ಲಿ, ಎಲ್ಲ ಥ್ರೆಡ್‌ಗಳನ್ನೂ ನಿಲ್ಲಿಸುವುದು ಅದರ ರೂಢಿ. ಆದರೆ ನಿಲ್ಲಿಸುವ ಕೆಲಸವೂ ಒಂದೇ ಏಟಿಗೆ ಆಗುವಂಥದ್ದಲ್ಲ. ಲಿನಕ್ಸ್‌ನಲ್ಲಿ ಅದು ಪ್ರತಿಯೊಂದು ಥ್ರೆಡ್‌ಗೂ ಬೇರೆ ಬೇರೆಯಾಗಿ ನಿಲ್ಲುವ ಸಂಕೇತ ಕಳಿಸಿ, ಪ್ರತಿಯೊಂದೂ ನಿಂತಿತೇ ಎಂದು ಕಾಯುತ್ತದೆ. ಒಂದು ನಿಂತ ಮೇಲೂ ಮತ್ತೊಂದು ಸ್ವಲ್ಪ ದೂರ ಓಡಿರುತ್ತದೆ. ಕೆಲವು ಒಂದು ಸಾಲಿನ ಅರ್ಧಕ್ಕೇ ನಿಂತಿರುತ್ತವೆ. ಮುಂದೆ ಒಂದು ಥ್ರೆಡ್‌ಗೆ ಮಾತ್ರ ಒಂದು ಹೆಜ್ಜೆ ಇಡಿಸಿದರೆ, ಉಳಿದವು ಅಷ್ಟರಲ್ಲಿ ಎಷ್ಟೋ ಹೆಜ್ಜೆ ಸಾಗಿಬಿಟ್ಟಿರಬಹುದು. ಅವನ್ನು ಹಿಡಿದಿಡಲು ‘ಷೆಡ್ಯೂಲರ್ ಲಾಕಿಂಗ್’ ಎಂಬ ಬೇರೆ ಆಜ್ಞೆ ಬೇಕು, ಅದನ್ನು ಕೊಟ್ಟರೆ ಪ್ರೋಗ್ರಾಮ್ ತಾನಾಗಿ ಎಂದೂ ಓಡದ ರೀತಿಯಲ್ಲಿ ಓಡುತ್ತದೆ. ಪರದೆಯ ಮೇಲಿನ ಪಟ್ಟಿ ಸುಳ್ಳಲ್ಲ. ಆದರೆ ಅದರಲ್ಲಿರುವ ‘ಈಗ’ ಕಟ್ಟಿದ್ದು.

ಹೀಗೆ ಕಟ್ಟಿದ ‘ಈಗ’ವನ್ನು ನಂಬಬಹುದೇ ಎಂಬುದು ಬರೀ ಬೌದ್ಧಿಕ ಕುತೂಹಲವಲ್ಲ. 1985ರಿಂದ 1987ರ ನಡುವೆ ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರ ಅಮೆರಿಕ, ಕೆನಡಾಗಳಲ್ಲಿ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಸುರಿಯಿತು. 1986ರಲ್ಲಿ ಟೆಕ್ಸಾಸ್‌ನ ಟೈಲರ್ ಊರಿನ ಆಸ್ಪತ್ರೆಯಲ್ಲಿ ನಡೆದ ಎರಡು ಅವಘಡಗಳ ಕಾರಣ ನಿಧಾನವಾಗಿ ಪರೀಕ್ಷಿಸಿದವರಿಗೆ ಸಿಗಲೇ ಇಲ್ಲ. ಮೊದಲನೆಯದರ ನಂತರ ತಯಾರಕರ ಎಂಜಿನಿಯರ್‌ಗಳು ಬಂದು ನೋಡಿದಾಗ ಯಂತ್ರ ಸರಿಯಾಗಿಯೇ ನಡೆಯಿತು. ಎರಡನೆಯದರ ನಂತರ ಆಸ್ಪತ್ರೆಯ ಭೌತವಿಜ್ಞಾನಿ ಮತ್ತು ಯಂತ್ರದ ಆಪರೇಟರ್ ಒಟ್ಟಿಗೆ ಕೂತು, ಆಕೆ ಅಂದು ಒತ್ತಿದ ಕೀಗಳನ್ನೇ ಮತ್ತೆ ಮತ್ತೆ ಒತ್ತಿ ನೋಡಿದರು. ಎಕ್ಸ್‌ರೇ ಎಂದು ತಪ್ಪಿ ಬರೆದು, ಅದನ್ನು ಎಲೆಕ್ಟ್ರಾನ್ ಎಂದು ಎಂಟು ಸೆಕೆಂಡಿನೊಳಗೆ ತಿದ್ದಿದಾಗ ಮಾತ್ರ ದೋಷ ಎದ್ದು ಬಂತು. ಯಂತ್ರದ ತಂತ್ರಾಂಶದ ಒಂದು ಭಾಗ ಅಯಸ್ಕಾಂತಗಳನ್ನು ಹೊಂದಿಸುತ್ತಿದ್ದಾಗ ಇನ್ನೊಂದು ಕಡೆ ಆದ ತಿದ್ದುಪಡಿ ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ. ವೇಗವಾಗಿ ಟೈಪ್ ಮಾಡುವುದನ್ನು ರೂಢಿಸಿಕೊಂಡಿದ್ದ ಕೈ ಬೇಕಾಯಿತು ಅದನ್ನು ಹೊರಗೆಳೆಯಲು. ಆ ಎಂಟು ಸೆಕೆಂಡುಗಳಿಗೆ ಇಬ್ಬರು ಪ್ರಾಣ ತೆತ್ತಿದ್ದರು.

ನೋಡಲು ಹೋದರೆ ಮಾಯವಾಗುವ ಇಂಥ ದೋಷಗಳನ್ನು ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ 1985ರ ತಮ್ಮ ಪ್ರಬಂಧದಲ್ಲಿ ‘ಹೈಸೆನ್‌ಬಗ್’ ಎಂದು ಕರೆದರು. ಹೆಸರು ಆಕರ್ಷಕವಾಗಿದೆ, ದಾರಿತಪ್ಪಿಸುವಂತೆಯೂ ಇದೆ. ಇಲ್ಲಿ ಕ್ವಾಂಟಂ ರಹಸ್ಯ ಏನೂ ಇಲ್ಲ. ನೋಡುವುದಕ್ಕೂ ಸಮಯ ಹಿಡಿಯುತ್ತದೆ, ಆ ಸಮಯ ನೋಡಲ್ಪಡುವುದರ ಪಾಲಿನಿಂದಲೇ ಹೋಗುತ್ತದೆ, ಅಷ್ಟೆ.

ಆದರೂ ನಿಲ್ಲಿಸಿ ನೋಡುವುದೆಲ್ಲ ವ್ಯರ್ಥ ಎನ್ನುವುದು ದುಡುಕು. ಡೈಕ್‌ಸ್ಟ್ರಾ ರೂಪಿಸಿದ ಪ್ರಸಿದ್ಧ ಸಮಸ್ಯೆಯಲ್ಲಿ ಐವರು ತತ್ತ್ವಜ್ಞಾನಿಗಳು ದುಂಡು ಮೇಜಿನ ಸುತ್ತ ಕೂತು, ಪ್ರತಿಯೊಬ್ಬರೂ ಎಡಗಡೆಯ ಫೋರ್ಕ್ ಹಿಡಿದು ಬಲಗಡೆಯದಕ್ಕೆ ಕಾಯುತ್ತಾರೆ; ಯಾರಿಗೂ ಊಟವಿಲ್ಲ. ಡೆಡ್‌ಲಾಕ್ ಆದ ಪ್ರೋಗ್ರಾಮ್ ಹೀಗೆ ಕೂತಿರುತ್ತದೆ. ಒಮ್ಮೆಗೆ ಒಂದೇ ಥ್ರೆಡ್ ಹಿಡಿಯಬಲ್ಲ ಬೀಗವೇ ಲಾಕ್. ಮೂರನೇ ಥ್ರೆಡ್ ಹಿಡಿದ ಲಾಕ್‌ಗಾಗಿ ಏಳನೆಯದು, ಏಳನೆಯದು ಹಿಡಿದದ್ದಕ್ಕಾಗಿ ಮೂರನೆಯದು ಕಾಯುತ್ತಿದೆ. ಡಿಬಗರ್ ಇಂದು ಬಂದರೂ ಸರಿ, ನಾಳೆ ಬಂದರೂ ಸರಿ, ಕಾಣುವುದು ಅದೇ. ಯಾವ ಕ್ಷಣದಲ್ಲಿ ನೋಡಿದರೂ ಒಂದೇ ಆಗಿರುವ ಸಂಗತಿಗೆ ಎಲ್ಲರಿಗೂ ಸಮಾನವಾದ ಕ್ಷಣ ಬೇಕಾಗಿಯೇ ಇಲ್ಲ. ಸ್ಥಿತಿಯನ್ನು ನಿಲ್ಲಿಸಿ ಅರಿಯಬಹುದು. ಘಟನೆಯನ್ನು ನಿಲ್ಲಿಸಿದರೆ ಉಳಿಯುವುದು ಬೇರೆಯೇ ಘಟನೆ. ‘ನೋಟವು ನೋಡಿದ್ದನ್ನು ಬದಲಿಸುತ್ತದೆಯೇ’ ಎಂಬ ದೊಡ್ಡ ಪ್ರಶ್ನೆಗೆ ಒಂದೇ ಉತ್ತರ ಹುಡುಕುವವರು ಈ ಭೇದವನ್ನು ಗಮನಿಸುವುದು ಕಡಿಮೆ.

ಮೊಜಿಲ್ಲಾದಲ್ಲಿ ಹುಟ್ಟಿದ ‘ಆರ್‌ಆರ್’ ಎಂಬ ಸಾಧನ ಇನ್ನೊಂದು ದಾರಿ ಹಿಡಿಯಿತು. ಅದು ಪ್ರೋಗ್ರಾಮ್‌ನ ಒಂದು ಓಟವನ್ನು ದಾಖಲಿಸಿಟ್ಟುಕೊಂಡು, ಬೇಕಾದಷ್ಟು ಸಲ ಅದನ್ನೇ ಮತ್ತೆ ಓಡಿಸುತ್ತದೆ. ಜಿಡಿಬಿಯ ಆಜ್ಞೆಗಳಿಂದಲೇ ಹಿಂದಕ್ಕೂ ನಡೆಯಬಹುದು. ಇದಕ್ಕೆ ಅದು ತೆರುವ ಬೆಲೆ ಎಂದರೆ, ದಾಖಲಿಸುವಾಗ ಎಲ್ಲ ಥ್ರೆಡ್‌ಗಳನ್ನೂ ಒಂದೇ ಕೋರ್ ಮೇಲೆ ಒಂದಾದ ಮೇಲೊಂದರಂತೆ ಓಡಿಸುತ್ತದೆ. ಯೌಗಪದ್ಯವನ್ನೇ ಬಿಟ್ಟುಕೊಟ್ಟು ಅದು ಸರ್ವಜ್ಞತ್ವ ಪಡೆದಿದೆ, ನೈಯಾಯಿಕರ ಏಕಮನಸ್ಸಿಗೆ ಮರಳಿದೆ. ಆ ‘ಅ’, ‘ಬ’ ಕೋಷ್ಠಗಳ ಎರಡು ಸೊನ್ನೆ ಅದರ ಕಣ್ಣಿಗೆ ಬೀಳುವುದಿಲ್ಲ.

ಇಲ್ಲಿ ಮಧ್ವಾಚಾರ್ಯರನ್ನು ನೆನೆಯುವುದು ಉಚಿತ. ಉಡುಪಿಯ ಈ 13ನೇ ಶತಮಾನದ ಆಚಾರ್ಯರ ದ್ವೈತ ಮತದಲ್ಲಿ ಪ್ರತಿಯೊಂದು ಜೀವನಿಗೂ ತನ್ನದೇ ಆದ ಸಾಕ್ಷಿ ಇದೆ. ಅದು ಜೀವನ ಸ್ವರೂಪವೇ ಆದ ಇಂದ್ರಿಯ. ನೈಯಾಯಿಕರು ಕಾಲವನ್ನು ಅನುಮಾನದಿಂದ ತಿಳಿಯಬೇಕೆಂದರೆ, ಮಧ್ವರು ಅದು ಸಾಕ್ಷಿಗೆ ನೇರವಾಗಿ ಗೋಚರ ಎಂದರು. ಗಾಢ ನಿದ್ದೆಯಿಂದ ಎದ್ದವನು ಇಷ್ಟು ಹೊತ್ತು ಸುಖವಾಗಿ ಮಲಗಿದ್ದೆ ಎನ್ನುವುದು ಆ ಸಾಕ್ಷಿಯ ಬಲದಿಂದ. ಥ್ರೆಡ್‌ಗೆ ಅರಿವಿಲ್ಲ, ನಿಜ. ಡಿಬಗರ್ ಒಂದು ಗಂಟೆ ನಿಲ್ಲಿಸಿಟ್ಟು ಬಿಟ್ಟರೆ ಅದು ಏನೂ ಆಗಿಲ್ಲವೆಂಬಂತೆ ಮುಂದಿನ ಸೂಚನೆಗೆ ಹೋಗುತ್ತದೆ. ಕಳೆದ ಗಂಟೆಯ ಸುದ್ದಿ ಅದಕ್ಕೆ ಹೊರಗಿನಿಂದ, ಕಡಿದುಹೋದ ನೆಟ್‌ವರ್ಕ್ ಸಂಪರ್ಕದ ರೂಪದಲ್ಲಿ ಬರಬೇಕು. ಆದರೆ ಮಧ್ವರ ಒಂದು ಒಳನೋಟ ಇಲ್ಲಿ ಅಚ್ಚರಿ ಎನಿಸುವಷ್ಟು ಹೊಂದುತ್ತದೆ: ಕ್ರಮದ ನಿಶ್ಚಯ ಒಬ್ಬೊಬ್ಬರ ಒಳಗೆ ಇರುವಂಥದ್ದು. ತನ್ನ ಕೆಲಸಗಳ ಹಿಂದುಮುಂದಿನಲ್ಲಿ ಯಾವ ಥ್ರೆಡ್‌ಗೂ ಗೊಂದಲವಿಲ್ಲ. ಎಷ್ಟು ಕೋರ್‌ಗಳಿದ್ದರೂ ಆ ಖಾತರಿಯನ್ನು ಯಂತ್ರ ಮುರಿಯುವುದಿಲ್ಲ. ಸಂಶಯ ಹುಟ್ಟುವುದು ಇಬ್ಬರ ನಡುವೆ. ಎಲ್ಲರ ಕ್ರಮವನ್ನೂ ಒಮ್ಮೆಗೇ ಬಲ್ಲವನು ದ್ವೈತದಲ್ಲಿ ಈಶ್ವರನೊಬ್ಬನೇ. ಜಿಡಿಬಿಗೆ ಆ ಪದವಿ ಸಲ್ಲುವುದಿಲ್ಲ, ಏಕೆಂದರೆ ಅದೂ ಅದೇ ಕರ್ನಲ್‌ನ ಕೈಕೆಳಗೆ, ತನ್ನ ಸರದಿಗೆ ಕಾಯುವ ಇನ್ನೊಂದು ಪ್ರೊಸೆಸ್.

ಹಾಗಾದರೆ ಇಬ್ಬರ ನಡುವಿನ ಕ್ರಮ ಎಲ್ಲಿಂದ ಬರುತ್ತದೆ? 1978ರಲ್ಲಿ ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ ಬರೆದ ಪ್ರಬಂಧ ಇದಕ್ಕೆ ಉತ್ತರ ಕೊಟ್ಟಿತು. ಒಬ್ಬನು ಕಳಿಸಿದ ಸಂದೇಶ ಇನ್ನೊಬ್ಬನಿಗೆ ಮುಟ್ಟಿದರೆ, ಕಳಿಸಿದ್ದು ಮೊದಲು, ಮುಟ್ಟಿದ್ದು ಆಮೇಲೆ. ಇಂಥ ಕೊಂಡಿಗಳ ಸರಪಳಿಯಿಂದ ಬೆಸೆಯಲಾಗದ ಎರಡು ಘಟನೆಗಳಲ್ಲಿ ಯಾವುದೂ ಮೊದಲಲ್ಲ, ಯಾವುದೂ ನಂತರದ್ದಲ್ಲ. ಥ್ರೆಡ್‌ಗಳಲ್ಲಿ ಒಂದು ಲಾಕ್ ಬಿಡುವುದು, ಇನ್ನೊಂದು ಅದನ್ನೇ ಹಿಡಿಯುವುದು ಈ ಕೊಂಡಿ. ‘ಥ್ರೆಡ್ ಸ್ಯಾನಿಟೈಸರ್’ ಎಂಬ ಸಾಧನ ಇದೇ ವಿಚಾರದ ಮೇಲೆ ನಿಂತಿದೆ. ಅದು ಯಾರನ್ನೂ ನಿಲ್ಲಿಸುವುದಿಲ್ಲ. ಪ್ರೋಗ್ರಾಮ್ ಅನ್ನು ಐದರಿಂದ ಹದಿನೈದು ಪಟ್ಟು ನಿಧಾನ ಮಾಡುತ್ತದೆ, ನಿಜ; ಆದರೆ ಅದು ಹುಡುಕುವುದು ಕ್ಷಣವನ್ನಲ್ಲ, ಸಂಬಂಧವನ್ನು. ಎರಡು ಥ್ರೆಡ್‌ಗಳು ಒಂದೇ ಕೋಷ್ಠವನ್ನು ಮುಟ್ಟಿದವು, ಒಂದಾದರೂ ಬರೆಯಿತು, ನಡುವೆ ಕೊಂಡಿ ಇಲ್ಲ ಎಂದಾದರೆ ಆ ಓಟದಲ್ಲಿ ಯಾವ ಅನಾಹುತವೂ ಆಗದಿದ್ದರೂ ಅದು ದೂರು ಕೊಡುತ್ತದೆ. ದೂರಿನಲ್ಲಿ ಎರಡೂ ಥ್ರೆಡ್‌ಗಳು ಬಂದ ದಾರಿ ಒಂದರ ಕೆಳಗೆ ಒಂದು ಅಚ್ಚಾಗಿರುತ್ತದೆ, ಮತ್ತು ಅವೆರಡರ ನಡುವೆ ಲಾಕ್ ಎಲ್ಲಿ ಹಾಕಬೇಕೆಂದು ತೀರ್ಮಾನಿಸುವುದು ಪ್ರೋಗ್ರಾಮ್ ಬರೆದವರ ಪಾಲಿಗೆ ಬರುತ್ತದೆ.