ಒಪ್ಪಿ ಬಂದವರಿಗೆ ಎಲ್ ಬೋರ್ಡು

ಬೆಂಗಳೂರಿನ ರಸ್ತೆಗಳಲ್ಲಿ ಹದಿನೈದು ವರ್ಷ ಕಾರು ಓಡಿಸಿ ಪಳಗಿದವರಾದರೂ ಸರಿ, ಬ್ರಿಟನ್ನಿನಲ್ಲಿ ನೆಲೆಸಿದ ಮೇಲೆ ಊರಿನ ಡಿಎಲ್ ನಡೆಯುವುದು 12 ತಿಂಗಳು ಮಾತ್ರ. ಆಮೇಲೆ ಕಲಿಕಾ ಲೈಸೆನ್ಸ್ ಮಾಡಿಸಬೇಕು, ಅಲ್ಲಿನ ಪರೀಕ್ಷೆ ಪಾಸಾಗುವವರೆಗೆ ಕಾರಿನ ಹಿಂದೆ ಮುಂದೆ ಕೆಂಪು ‘ಎಲ್’ ಅಂಟಿಸಬೇಕು, ಪಕ್ಕದಲ್ಲಿ 21 ತುಂಬಿದ, ಮೂರು ವರ್ಷದಿಂದ ಲೈಸೆನ್ಸ್ ಇರುವ ಒಬ್ಬರನ್ನು ಕೂರಿಸಿಕೊಳ್ಳಬೇಕು. ಆ ಒಬ್ಬರು ಸ್ವಂತ ಮಗನೇ ಆಗಿರಬಹುದು.

ವರ್ಷ ತುಂಬಿದ ರಾತ್ರಿಯೇ ಕೈಕಾಲು ಕಲಿತ ವಿದ್ಯೆ ಮರೆಯುವುದಿಲ್ಲ. ಹಾಗಾದರೆ ಬದಲಾದದ್ದೇನು? ನೆಲೆಸಿದವನು ಅಲ್ಲಿನ ಕಾನೂನಿಗೆ ಒಪ್ಪಿದಂತೆ ಎಂಬ ಲೆಕ್ಕ.

ತತ್ವಜ್ಞಾನಿ ಜಾನ್ ಲಾಕ್ 1689ರಲ್ಲೇ ಈ ಒಪ್ಪಿಗೆಯ ಪ್ರಶ್ನೆಯ ಹತ್ತಿರ ಬಂದಿದ್ದ. ಒಂದು ದೇಶದ ಹೆದ್ದಾರಿಯಲ್ಲಿ ಸುಮ್ಮನೆ ಹಾದುಹೋದರೂ ಅಲ್ಲಿನ ಕಾನೂನಿಗೆ ಮೌನವಾಗಿ ಒಪ್ಪಿದಂತೆಯೇ ಎಂದು ಅವನ ವಾದ. 1748ರಲ್ಲಿ ಇನ್ನೊಬ್ಬ ತತ್ವಜ್ಞಾನಿ ಡೇವಿಡ್ ಹ್ಯೂಮ್ ಇದನ್ನು ಗೇಲಿ ಮಾಡಿದ: ನಿದ್ದೆಯಲ್ಲಿದ್ದವನನ್ನು ಎತ್ತಿ ಹಡಗಿಗೆ ಹಾಕಿ, ಸಮುದ್ರಕ್ಕೆ ಹಾರದೆ ಉಳಿದದ್ದೇ ನಿನ್ನ ಒಪ್ಪಿಗೆ ಎಂದರೆ ಆದೀತೆ? ಹುಟ್ಟಿದ ಊರನ್ನು ಯಾರೂ ಆರಿಸಿಕೊಂಡಿರುವುದಿಲ್ಲ. ಆದರೆ ಹ್ಯೂಮ್ ಅಲ್ಲಿಗೇ ನಿಲ್ಲಲಿಲ್ಲ. ಕಾನೂನು ತಿಳಿದೇ ಬಂದು ನೆಲೆಸುವ ಪರದೇಶಿಯ ಒಪ್ಪಿಗೆಯೇ ಎಲ್ಲಕ್ಕಿಂತ ನಿಜವಾದದ್ದು ಎಂದ. ಆದರೂ ರಾಜ್ಯ ನೆಚ್ಚಿಕೊಳ್ಳುವುದು ಅವನ ನಿಷ್ಠೆಯನ್ನಲ್ಲ, ಅಲ್ಲೇ ಹುಟ್ಟಿದವನ ನಿಷ್ಠೆಯನ್ನು ಎಂದೂ ಸೇರಿಸಿದ. ವಲಸೆ ಹೋದವರ ಪಾಡನ್ನು ಇಷ್ಟು ಚುಟುಕಾಗಿ ಹೇಳಿದವರು ಕಡಿಮೆ.

ಹಾಗೆಂದು ಪರೀಕ್ಷೆಯೇ ತಪ್ಪು ಎನ್ನಲಾಗದು. ನಮ್ಮಲ್ಲಿ ಎದುರಿನ ಗಾಡಿ ಲೈಟು ಮಿಣುಕಿಸಿದರೆ ‘ನಾನು ಬರ್ತಿದ್ದೀನಿ, ನಿಲ್ಲು’ ಎಂದರ್ಥ. ಬ್ರಿಟನ್ನಿನ ಚಾಲಕರು ಬಹುಮಟ್ಟಿಗೆ ಅದನ್ನೇ ‘ನೀವು ಹೋಗಿ’ ಎನ್ನಲು ಬಳಸುತ್ತಾರೆ. ಕಿರಿದಾದ ರಸ್ತೆಯಲ್ಲಿ ಒಬ್ಬ ಬೆಂಗಳೂರಿಗ, ಒಬ್ಬ ಲಂಡನ್ನಿಗ ಎದುರುಬದುರಾದರೆ ಇಬ್ಬರೂ ಮುಂದೆ ನುಗ್ಗಿಯಾರು. ಇಬ್ಬರದೂ ತಪ್ಪಿಲ್ಲ, ಡಿಕ್ಕಿ ಮಾತ್ರ ತಪ್ಪದು. ‘ಸೌಂಡ್ ಹಾರ್ನ್’ ಎಂದು ಲಾರಿಗಳೇ ಬೇಡಿಕೊಳ್ಳುವ ನಾಡಿನಿಂದ ಹೋದವರಿಗೆ, ಜನವಸತಿಯಲ್ಲಿ ರಾತ್ರಿ 11.30ರಿಂದ ಬೆಳಗ್ಗೆ 7ರವರೆಗೆ ಓಡುವ ಕಾರಿನಿಂದ ಹಾರ್ನ್ ಹಾಕಬಾರದೆಂಬ ನಿಯಮ ಯಾರಾದರೂ ಹೇಳಿದ ಮೇಲೆಯೇ ತಿಳಿಯುವುದು. ಕಾನೂನಿಗೆ ಒಪ್ಪುವುದು ಒಂದು, ಎದುರಿನ ಅಪರಿಚಿತ ಏನು ಮಾಡಿಯಾನೆಂದು ಊಹಿಸುವುದು ಇನ್ನೊಂದು. ಎರಡನೆಯದಕ್ಕೆ ಪರೀಕ್ಷೆ ಬೇಕು.

ತಕರಾರು ಬೇರೆ ಕಡೆ ಇದೆ. ಕೆಲವು ದೇಶಗಳ ಲೈಸೆನ್ಸನ್ನು ಬ್ರಿಟನ್ ಪರೀಕ್ಷೆಯಿಲ್ಲದೆ ಬದಲಾಯಿಸಿಕೊಡುತ್ತದೆ. ಆ ಪಟ್ಟಿಯಲ್ಲಿ ದಕ್ಷಿಣ ಕೊರಿಯಾ ಇದೆ, ಸ್ವಿಟ್ಜರ್ಲೆಂಡ್ ಇದೆ; ಎರಡೂ ಕಡೆ ಗಾಡಿ ಓಡುವುದು ಬಲಕ್ಕೆ. ಬ್ರಿಟಿಷರಂತೆಯೇ ಎಡಕ್ಕೆ ಓಡಿಸುವ ಭಾರತ ಇಲ್ಲ. ಅಲ್ಲಿ ತೂಗುವುದು ಸರ್ಕಾರ ಸರ್ಕಾರಗಳ ನಡುವಿನ ನಂಬಿಕೆ; ಸ್ಟಿಯರಿಂಗ್ ಹಿಡಿದ ವ್ಯಕ್ತಿ ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ಆರ್‌ಟಿಒಗಳಲ್ಲಿ ಲೈಸೆನ್ಸ್ ಹೇಗೆಲ್ಲ ಸಿಗುತ್ತದೆಂದು ಬಲ್ಲವರು ಈ ಅಪನಂಬಿಕೆಗೆ ಪೂರ್ತಿ ಸಿಟ್ಟಾಗಲಾರರು. ಆದರೂ ಒಬ್ಬೊಬ್ಬರನ್ನೂ ಅವರವರ ಕೈಚಳಕದಿಂದ ಅಳೆಯದೆ ಲೈಸೆನ್ಸ್ ಕೊಟ್ಟ ದೇಶದಿಂದ ಅಳೆಯುವ ಪಟ್ಟಿಯನ್ನು ನ್ಯಾಯವೆನ್ನಲು ಬಾಯಿ ಬರುವುದಿಲ್ಲ.

ಹೊರಟವರು ವರ್ಷ ತುಂಬುವ ಮೊದಲೇ ಪರೀಕ್ಷೆ ಮುಗಿಸಿಕೊಳ್ಳುವುದು ಒಳ್ಳೆಯದು. ಥಿಯರಿಯಲ್ಲಿ 50 ಪ್ರಶ್ನೆಗೆ 43 ಸರಿಯಿರಬೇಕು.