ಓಗೊಡುವ ಋಣ

ಯಾರಾದರೂ ಕರೆದರೆ ಓಗೊಡಬೇಕೆಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುವ ಮರ್ಯಾದೆಗಳಲ್ಲೊಂದು. ಕರೆದವರು ಬಡವರೋ ಬಲ್ಲಿದರೋ, ಕೆಲಸ ದೊಡ್ಡದೋ ಸಣ್ಣದೋ, ಅದೆಲ್ಲ ಆಮೇಲಿನ ಮಾತು. ಊರು ಬಿಟ್ಟು ಮುಂಬಯಿಗೆ ಬಂದ ನಮಗೆ ಈ ಮರ್ಯಾದೆ ದೂರವಾಣಿಗೂ ಅಂಟಿಕೊಂಡಿತು. ಇಡೀ ಚಾಳಿಗೆ ಒಂದೋ ಎರಡೋ ಫೋನುಗಳಿದ್ದ ದಿನಗಳಲ್ಲಿ ನೆರೆಮನೆಯವರ ನಂಬರನ್ನೇ ಊರಿಗೆ ಬರೆದು ಕಳಿಸುತ್ತಿದ್ದೆವು. ಟ್ರಂಕ್ ಕಾಲ್ ಬಂತೆಂದರೆ ಹಿಟ್ಟಿನ ಕೈಯಲ್ಲೇ ಓಡುತ್ತಿದ್ದೆವು. ಗಂಟೆ ಬಾರಿಸಿತೆಂದರೆ ಆಚೆ ತುದಿಯಲ್ಲಿ ನಮ್ಮನ್ನು ನೆನೆದ ಒಂದು ಜೀವವಿದೆ ಎಂಬ ನಂಬಿಕೆ.

ಇಂದು ಫೋನು ಎಲ್ಲರ ಕಿಸೆಯಲ್ಲಿದೆ, ಆ ನಂಬಿಕೆ ಮಾತ್ರ ಇಲ್ಲ. ಮಧ್ಯಾಹ್ನ ಕಣ್ಣು ಮುಚ್ಚುವ ಹೊತ್ತಿಗೆ ಗಂಟೆ ಬಾರಿಸುತ್ತದೆ. ಎತ್ತಿಕೊಂಡರೆ ಮೊದಲೇ ಮುದ್ರಿಸಿಟ್ಟ ಇಂಪಾದ ದನಿಯೊಂದು ಸಾಲ ಬೇಕೆ, ಸೈಟು ಬೇಕೆ ಎನ್ನುತ್ತದೆ. ಮನೆಯ ಹಿರಿಯರು "ಬೇಡಮ್ಮಾ, ನಮಗೆಲ್ಲ ಇದೆ" ಎಂದು ಸೌಜನ್ಯದಿಂದಲೇ ಹೇಳುತ್ತಾರೆ. ಕೇಳಿಸಿಕೊಳ್ಳುವವರು ಅಲ್ಲಿ ಯಾರೂ ಇಲ್ಲ.

ನಮ್ಮ ಪರಿಚಯದ ಮನೆಯೊಂದರಲ್ಲಿ ನಡೆದದ್ದನ್ನು ಹೇಳಬೇಕು. ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ತಾಯಿ ತಲೆಸುತ್ತಿ ಕುಸಿದರು. ಅಲ್ಲಿದ್ದ ಪುಣ್ಯಾತ್ಮರೊಬ್ಬರು ತಮ್ಮ ಫೋನಿನಿಂದ ಮುಂಬಯಿಯ ಮಗನಿಗೆ ಮೂರು ಸಲ ಕರೆ ಮಾಡಿದರು. ಬೆಳಗಿನಿಂದ ನಾಲ್ಕಾರು ಜಾಹೀರಾತಿನ ಕರೆಗಳಿಂದ ರೋಸಿಹೋಗಿದ್ದ ಮಗ ಮೂರು ಸಲವೂ ಕತ್ತರಿಸಿದ. ಸುದ್ದಿ ತಿಳಿದದ್ದು ಸಂಜೆ, ತಂಗಿಯಿಂದ. ತಾಯಿ ಚೇತರಿಸಿಕೊಂಡರು; ಮಗ ಇನ್ನೂ ಚೇತರಿಸಿಕೊಂಡಿಲ್ಲ. ತಪ್ಪು ಯಾರದು? ಹಗಲೆಲ್ಲ ಸುಳ್ಳು ಗಂಟೆ ಬಾರಿಸುವವರು ಕದಿಯುವುದು ನಮ್ಮ ಹೊತ್ತನ್ನಷ್ಟೇ ಅಲ್ಲ; ಅಪರಿಚಿತನ ಕರೆಯಲ್ಲಿ ನಮಗಿದ್ದ ವಿಶ್ವಾಸವನ್ನು. ಇದೇ ದೊಡ್ಡ ನಷ್ಟವೆಂದು ನಾವು ತಿಳಿಯುತ್ತೇವೆ.

ವ್ಯಾಪಾರ ಮಾಡುವವನು ಕೂಗದಿದ್ದರೆ ಹೇಗೆ ಎಂದು ಕೇಳುವವರುಂಟು. ತರಕಾರಿಯವನೂ ಕೂಗುತ್ತಾನೆ, ನಿಜ. ಆದರೆ ಅವನು ಬಿಸಿಲಲ್ಲಿ ನಡೆದು ಬರುತ್ತಾನೆ, ತನ್ನ ಗಂಟಲನ್ನೇ ಸವೆಸುತ್ತಾನೆ. ಮಗು ಮಲಗಿದೆ ಎಂದು ಕೈಸನ್ನೆ ಮಾಡಿದರೆ ದನಿ ತಗ್ಗಿಸುತ್ತಾನೆ. ಯಂತ್ರಕ್ಕೆ ಸಾವಿರ ಮನೆಯ ಬಾಗಿಲು ಬಡಿಯುವುದೂ ಒಂದೇ, ಲಕ್ಷ ಮನೆಯದೂ ಒಂದೇ. ಕರೆದವನಿಗೆ ಖರ್ಚಿಲ್ಲ, ಏಳುವ ಶ್ರಮವೆಲ್ಲ ಕರೆಸಿಕೊಂಡವನದು. ಕೇಳುವ ಕಿವಿಯಿಲ್ಲದೆ ಬರಿಯ ಬಾಯಿಯಿಂದ ಬಂದ ಕರೆಗೆ ನಾವು ಮರ್ಯಾದೆಯ ಸಾಲಗಾರರಲ್ಲ.

ರಾತ್ರಿ ಹೊರಗಿನಿಂದ ಹೆಸರು ಹಿಡಿದು ಕೂಗಿದರೆ ಮೊದಲ ಕೂಗಿಗೆ ಓಗೊಡಬೇಡಿ, ಮನುಷ್ಯನಾದರೆ ಮತ್ತೆ ಕೂಗುತ್ತಾನೆ, ದೆವ್ವ ಒಂದೇ ಸಲ ಕೂಗುತ್ತದೆ ಎನ್ನುತ್ತಿದ್ದರು ಹಿರಿಯರು. ಈಗ ಆ ಗುರುತೂ ಉಪಯೋಗಕ್ಕಿಲ್ಲ. ಯಂತ್ರ ಬೇಸರವಿಲ್ಲದೆ ಹತ್ತು ಸಲ ಕೂಗಬಲ್ಲದು. ದೆವ್ವವನ್ನು ಸಾಗಹಾಕಲು ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದಂತೆ, ಸರ್ಕಾರವೂ ನಮಗೊಂದು ಬರಹ ಕೊಟ್ಟಿದೆ. 2007ರಲ್ಲಿ "ಕರೆಯಬೇಡಿ" ಎಂಬ ರಾಷ್ಟ್ರೀಯ ಪಟ್ಟಿ ಬಂತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2010ರಲ್ಲೂ 2018ರಲ್ಲೂ ಹೊಸ ನಿಯಮಗಳನ್ನು ರಚಿಸಿತು. 1909ಕ್ಕೆ ಕರೆ ಮಾಡಿ ಹೆಸರು ಸೇರಿಸಬಹುದು, ದೂರನ್ನೂ ಕೊಡಬಹುದು. ದೂರಿಗಿದ್ದ 3 ದಿನಗಳ ಗಡುವು 2025ರ ತಿದ್ದುಪಡಿಯಿಂದ 7 ದಿನಗಳಾಯಿತು.

ಇದೆಲ್ಲ ಒಳ್ಳೆಯದೇ. ಆದರೆ ಬೇಡವೆಂದು ಬರೆಯದವನ ಮನೆಗೆ ನುಗ್ಗಬಹುದೆಂಬ ನ್ಯಾಯ ಯಾವುದು? ಅಮೆರಿಕೆಯ 1991ರ ಕಾನೂನು ಮುದ್ರಿತ ದನಿಯ ಮಾರಾಟದ ಕರೆಗೆ ಮುಂಚಿತವಾಗಿ ಒಪ್ಪಿಗೆ ಬೇಕೆಂದಿತು; ಕೃತಕ ಬುದ್ಧಿಮತ್ತೆ ಹೊರಡಿಸುವ ದನಿಗೂ ಅದೇ ನಿಯಮವೆಂದು 2024ರಲ್ಲಿ ಅಲ್ಲಿಯ ಆಯೋಗ ಸಾರಿತು. ಅಲ್ಲಿಯೂ ಪಿಡುಗು ನಿಂತಿಲ್ಲ. ಆದರೂ ಒಪ್ಪಿಗೆ ಮೊದಲು, ಕರೆ ಆಮೇಲೆ ಎಂಬ ಕ್ರಮ ಸರಿಯಾದದ್ದು. ನಮ್ಮಲ್ಲಿಯೂ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಾದ ನಮಗೆ ಹೆಮ್ಮೆ.

ಹಾಗೆಂದು ನಾವೇನೂ ನಿರ್ದೋಷಿಗಳಲ್ಲ. ಅಂಗಡಿಯ ಲಕ್ಕಿ ಡ್ರಾ ಚೀಟಿಯಲ್ಲಿ ಅತ್ತಿಗೆಯ ನಂಬರು, ಭಾವನ ನಂಬರು ಬರೆದು ಬಂದವರು ನಾವೇ. ಸಂಘದ ಸದಸ್ಯರ ಪಟ್ಟಿಯನ್ನು ಬೇಡಿದವರಿಗೆಲ್ಲ ದಾಕ್ಷಿಣ್ಯಕ್ಕೆ ಕೊಟ್ಟವರೂ ನಾವೇ. ಇನ್ನೊಬ್ಬರ ಮನೆಯ ಚಿಲಕ ತೆಗೆದುಕೊಡಲು ನಮಗೆ ಯಾವ ಅಧಿಕಾರ? ಇನ್ನೊಂದು ಮಾತು: ಹೊಟ್ಟೆಪಾಡಿಗಾಗಿ ಕರೆ ಮಾಡುವ ಹುಡುಗ ಹುಡುಗಿಯರ ಮೇಲೆ ಯಂತ್ರದ ಸಿಟ್ಟನ್ನು ತೀರಿಸಿಕೊಳ್ಳಬಾರದು. ಅವರಿಗೆ ಕಿವಿಯಿದೆ, "ಬೇಡಪ್ಪಾ" ಎಂದರೆ ಸಾಕು.

ಯಂತ್ರಕ್ಕೆ ಬಾಗಿಲು ಮುಚ್ಚೋಣ, ದೂರು ಕೊಡೋಣ, ಫೋನಿನ ಗೊಡವೆ ತಿಳಿಯದ ಹಿರಿಯರ ಹೆಸರನ್ನು ನಾವೇ ಕೂತು ಸೇರಿಸಿಕೊಡೋಣ. ಗುರುತಿಲ್ಲದ ಕರೆಗಳಿಗೆಲ್ಲ ಬಾಗಿಲು ಮುಚ್ಚುವುದಕ್ಕಲ್ಲ. ಅವುಗಳ ನಡುವೆ ನಿಜವಾದ ಕರೆಯೊಂದು ಬಂದಾಗ ಕೈ ಹಿಂಜರಿಯದೆ ಎತ್ತಿಕೊಳ್ಳುವಂತಾಗಲಿ ಎಂದು.